ಪೋಖರಾ ಎಟಿಆರ್-72 ಅಪಘಾತ: ಎರಡೂ ಎಂಜಿನ್ ಓಡ್ತಿದ್ದವು, ಮತ್ತ ವಿಮಾನ ಬಿದ್ದದ್ದು ಯಾಕ?

ಗಂಗಾವತಿ_ಬಸು

ತೋರಣಗಲ್ಲಿಗೆ ಟ್ರೂಜೆಟ್‌ದವರ ಎಟಿಆರ್-72 ಬರ್ತಿದ್ದ ಕಾಲದಿಂದ ನಮ್ಮ ಬಳ್ಳಾರಿ, ಕೊಪ್ಪಳ ಮಂದಿಗೆ ಈ ಎರಡು ಪಂಕದ ವಿಮಾನ ಪರಿಚಯ ಐತಿ. ಅದೇ ಜಾತಿ ವಿಮಾನ 2023ರ ಜನವರಿ 15ಕ್ಕ ನೇಪಾಳದ ಪೋಖರಾದಾಗ ಇನ್ನೇನು ಇಳೀಬೇಕು ಅನ್ನೋದ್ರಾಗ ಬಿತ್ತು. ಯೇತಿ ಏರ್‌ಲೈನ್ಸ್ 691, ಕಠ್ಮಂಡುವಿನಿಂದ ಬಂದದ್ದು. 68 ಪ್ರಯಾಣಿಕರು, 4 ಸಿಬ್ಬಂದಿ, ಒಬ್ಬರೂ ಉಳೀಲಿಲ್ಲ. ಅವರಾಗ 5 ಮಂದಿ ಭಾರತದವರು.

"ಪೈಲಟ್ ತಪ್ಪು ಲಿವರ್ ಎಳದ್ರು" ಅಂತ ಎಲ್ಲಾ ಕಡೆ ಒಂದ ಸಾಲಿನಾಗ ಮುಗಿಸಿಬಿಡ್ತಾರ. ನನಗ ಮೂರು ಸಂಗತಿ ತಿಳೀಬೇಕಾಗೇತಿ. ಎರಡೂ ಎಂಜಿನ್ ಕೆಟ್ಟಿಲ್ಲ ಅಂತ ತನಿಖೆಯವರು ಹೆಂಗ ಖಾತ್ರಿ ಮಾಡ್ಕೊಂಡ್ರು? ಎಂಜಿನ್ ಓಡ್ತಿದ್ವು ಅಂದ್ರ ಅದರ ಶಕ್ತಿ ಎಲ್ಲಿ ಹೋತು? ಒಂದು ನಿಮಿಷ ಪೂರ್ತಿ ಇಬ್ಬರು ಕ್ಯಾಪ್ಟನ್‌ಗಳಿಗೂ ಯಾಕ ಗೊತ್ತಾಗ್ಲಿಲ್ಲ? ಎಂಜಿನ್, ಏವಿಯಾನಿಕ್ಸ್ ಬಲ್ಲವರು ಬಿಡಿಸಿ ಹೇಳ್ರಿ.

ಸಂಡೂರು_ಪ್ರಾಪ್‌ಶಾಪ್

ಬಸು ಅವರೇ, ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ. ಅದು ತಿಳಿದರೆ ಮೊದಲನೆಯದಕ್ಕೂ ದಾರಿ ಸಿಗುತ್ತದೆ.

ಆ ವಿಮಾನ ಎಟಿಆರ್ 72-500. ಅದರಲ್ಲಿರುವುದು ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾದ ಪಿಡಬ್ಲ್ಯು127 ಸರಣಿಯ ಎಂಜಿನ್. ಒಳಗೆ ಒಂದರೊಳಗೊಂದು ಮೂರು ಶಾಫ್ಟ್ ಇವೆ. ಒಂದರ ಮೇಲೆ ಹೈ ಪ್ರೆಶರ್ ಕಂಪ್ರೆಸರ್ ಮತ್ತು ಅದನ್ನು ತಿರುಗಿಸುವ ಟರ್ಬೈನ್. ಇದರ ವೇಗಕ್ಕೆ ಎನ್‌ಎಚ್ ಅನ್ನುತ್ತಾರೆ. ಎರಡನೆಯದು ಲೋ ಪ್ರೆಶರ್ ಜೋಡಿ. ಮೂರನೆಯದರಲ್ಲಿ ಕಂಪ್ರೆಸರ್ ಇಲ್ಲ, ಬರೀ ಎರಡು ಹಂತದ ಪವರ್ ಟರ್ಬೈನ್. ಅದು ರಿಡಕ್ಷನ್ ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರ್ ತಿರುಗಿಸುತ್ತದೆ. ಪ್ರೊಪೆಲ್ಲರ್ ವೇಗ ಎನ್‌ಪಿ; 100% ಅಂದರೆ ನಿಮಿಷಕ್ಕೆ 1,200 ಸುತ್ತು. ಈ ಮೂರನೇ ಶಾಫ್ಟಿಗೂ ಮೊದಲೆರಡಕ್ಕೂ ನಡುವೆ ಹಲ್ಲಿನ ಜೋಡಣೆಯೇ ಇಲ್ಲ. ಬಿಸಿ ಗಾಳಿ ಹಾದುಹೋಗುವುದೊಂದೇ ಸಂಬಂಧ. ಹಾಗಾಗಿ ಎಂಜಿನ್ ಚೆನ್ನಾಗಿ ಓಡುತ್ತಿರುವಾಗಲೇ ಪ್ರೊಪೆಲ್ಲರ್ ನಿಧಾನವಾಗಬಹುದು, ಪೂರ್ತಿ ನಿಲ್ಲಲೂಬಹುದು.

ಇದಕ್ಕೆ ಸಾಕ್ಷಿ ಎಟಿಆರ್ ನಿಂತ ಯಾವ ನಿಲ್ದಾಣದಲ್ಲೂ ಸಿಗುತ್ತದೆ. ಈ ವಿಮಾನಕ್ಕೆ ಬಾಲದಲ್ಲಿ ಎಪಿಯು (ನಿಂತಾಗ ಕರೆಂಟು ಕೊಡುವ ಚಿಕ್ಕ ಎಂಜಿನ್) ಇಲ್ಲ. ನಿಂತಾಗ ಕರೆಂಟು, ಎಸಿ ಬೇಕಾದರೆ ಬಲಗಡೆ ಎಂಜಿನ್ ಓಡಿಸಿ, ಅದರ ಪ್ರೊಪೆಲ್ಲರಿಗೆ ಬ್ರೇಕ್ ಹಾಕುತ್ತಾರೆ. ಹೋಟೆಲ್ ಮೋಡ್ ಅಂತ ಕರೆಯುತ್ತಾರೆ. ಪಂಕ ನಿಂತಿರುತ್ತದೆ, ಎಂಜಿನ್ ಸದ್ದು ಬರುತ್ತಿರುತ್ತದೆ.

ಇನ್ನು ಫೆದರ್. 568ಎಫ್ ಪ್ರೊಪೆಲ್ಲರಿಗೆ ಆರು ಕಾಂಪೋಸಿಟ್ ಬ್ಲೇಡ್, ವ್ಯಾಸ 3.93 ಮೀಟರ್. ಪ್ರತಿ ಬ್ಲೇಡೂ ತನ್ನ ಬುಡದಲ್ಲಿ ತಿರುಗಿ ಕೋನ ಬದಲಿಸುತ್ತದೆ. ಎದುರು ಗಾಳಿಗೆ ಮೊರವನ್ನು ಅಂಚು ಮುಂದಾಗಿ ಹಿಡಿದ ಹಾಗೆ ಬ್ಲೇಡನ್ನು ಪೂರ್ತಿ ತಿರುಗಿಸಿಬಿಟ್ಟರೆ ಅದು ಗಾಳಿಯನ್ನು ಹಿಂದಕ್ಕೆ ತಳ್ಳುವುದಿಲ್ಲ, ಗಾಳಿಗೆ ಅಡ್ಡಿಯನ್ನೂ ಮಾಡುವುದಿಲ್ಲ. ಅದೇ ಫೆದರ್. ಒಂದು ಎಂಜಿನ್ ಕೆಟ್ಟಾಗ ಆ ಕಡೆಯ ಎಳೆತ ತಗ್ಗಿಸಲು ಇಟ್ಟಿರುವ ವ್ಯವಸ್ಥೆ ಅದು. ಪೋಖರಾದಲ್ಲಿ ಚೆನ್ನಾಗಿದ್ದ ಎರಡೂ ಎಂಜಿನ್ನಿನ ಪ್ರೊಪೆಲ್ಲರ್ ಒಟ್ಟಿಗೇ ಫೆದರಿಗೆ ಹೋದವು. ಎಂಜಿನ್ ಇದ್ದೂ ತಳ್ಳುವ ಬಲ ಸೊನ್ನೆ.

ಶಕ್ತಿನಗರ_ಟರ್ಬೈನ್

ಒಂದು ಅನುಮಾನ ಅದ ಸರ್. ನಮ್ಮ ಥರ್ಮಲ್ ಟರ್ಬೈನಿನಾಗ ಲೋಡ್ ಹೋಯ್ತು ಅಂದ್ರ ಸ್ಪೀಡ್ ಏರ್ತದ, ಗವರ್ನರ್ ಹಿಡೀಲಿಲ್ಲ ಅಂದ್ರ ಓವರ್‌ಸ್ಪೀಡ್ ಟ್ರಿಪ್. ಇಲ್ಲಿ ಪ್ರೊಪೆಲ್ಲರ್ ಗಾಳಿ ತಳ್ಳೋದ ಬಿಟ್ತು ಅಂದ್ರ ಸ್ಪೀಡ್ ಏರಬೇಕಿತ್ತಲ್ಲ? ಇಳಿದದ್ದು ಹ್ಯಾಂಗ? ಪವರ್ ಲಿವರ್ ಪೂರ್ತಿ ಮುಂದ ತಳ್ಳಿದ್ರೂ ಟಾರ್ಕ್ (ಶಾಫ್ಟ್ ತಿರುಗಿಸೋ ಬಲ) ಬರಲಿಲ್ಲ ಅಂತಾರ, ಅದು ಯಾಕ?

ಸಂಡೂರು_ಪ್ರಾಪ್‌ಶಾಪ್

ಒಳ್ಳೇ ಪ್ರಶ್ನೆ. ಫೆದರಿನಲ್ಲಿ ಲೋಡ್ ಹೋಗುವುದಿಲ್ಲ, ದಿಕ್ಕು ಬದಲಿಸುತ್ತದೆ. ಬ್ಲೇಡಿನ ಅಂಚು ವಿಮಾನ ಸಾಗುವ ದಿಕ್ಕಿಗೆ ತಿರುಗಿತು ಅಂದರೆ, ಅದರ ಅಗಲ ಮೈ ತಾನು ಸುತ್ತುವ ದಿಕ್ಕಿಗೆ ತಿರುಗಿತು ಅಂತ ಅರ್ಥ. ಸುತ್ತಬೇಕಾದರೆ ಅಗಲ ಮೈಯಿಂದ ಗಾಳಿ ಸೀಳಬೇಕು. ಅದಕ್ಕೇ ಎನ್‌ಪಿ ಧಡಕ್ಕನೆ ಬಿದ್ದು 25% ಕೆಳಗೆ ಹೋಯಿತು, ಅಂದರೆ ನಿಮಿಷಕ್ಕೆ 300 ಸುತ್ತಿಗಿಂತ ಕಡಿಮೆ.

ಆ ಸ್ಥಿತಿಯಲ್ಲಿ ಪೂರ್ತಿ ಇಂಧನ ಕೊಟ್ಟರೆ ಗೇರ್‌ಬಾಕ್ಸಿಗೆ ಓವರ್‌ಟಾರ್ಕ್. ಅದನ್ನು ತಡೆಯಲು ನಿಯಂತ್ರಣ ವ್ಯವಸ್ಥೆ ಎಂಜಿನ್ನನ್ನು ಫ್ಲೈಟ್ ಐಡಲಿನಲ್ಲೇ (ಹಾರಾಟದ ಕನಿಷ್ಠ ಓಟದಲ್ಲೇ) ಹಿಡಿದಿಡುತ್ತದೆ. ಪೋಖರಾ ವರದಿಯೂ ಇದನ್ನೇ ಹೇಳುತ್ತದೆ. ಪವರ್ ಲಿವರ್ ಕೊನೆಯವರೆಗೆ ತಳ್ಳಿದ ಮೇಲೂ ಎನ್‌ಎಚ್ 73%ರಿಂದ 77%ಗೆ ಮಾತ್ರ ಏರಿತು. ಎಂಜಿನ್ ಕೆಟ್ಟು ಆರಿದ್ದರೆ ಎನ್‌ಎಚ್ 73ರಲ್ಲಿ ನಿಲ್ಲುತ್ತಲೂ ಇರಲಿಲ್ಲ, ಲಿವರ್ ತಳ್ಳಿದ್ದಕ್ಕೆ ಅಷ್ಟಾದರೂ ಏರುತ್ತಲೂ ಇರಲಿಲ್ಲ. ಇಂಧನ ಸಾಲದ ಎಂಜಿನ್ ಹೀಗೆ ನಡೆದುಕೊಳ್ಳುವುದಿಲ್ಲ. ಬಸು ಅವರ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಈ ನಾಲ್ಕು ಶೇಕಡಾದಲ್ಲೇ ಇದೆ.

ಕೌಲ್‌ಬಜಾರ್_ಟವರ್

ಇನ್ನರ್ಧ ಉತ್ತರ ಗಡಿಯಾರದಲ್ಲಿದೆ. ಪ್ರಾಥಮಿಕ ವರದಿಯಲ್ಲಿರುವ ಕ್ಷಣಗಳನ್ನು ನೇಪಾಳದ ಸಮಯದಲ್ಲಿ ಬರೆಯುತ್ತೇನೆ. ಎಡ ಸೀಟಿನಲ್ಲಿ ಹಾರಿಸುತ್ತಿದ್ದವರು ಹೊಸ ನಿಲ್ದಾಣದ ಪರಿಚಯ ಮಾಡಿಕೊಳ್ಳುತ್ತಿದ್ದ ಕ್ಯಾಪ್ಟನ್. ಬಲ ಸೀಟಿನಲ್ಲಿ ನಿಗಾ ನೋಡುತ್ತಿದ್ದವರು ಬೋಧಕ ಕ್ಯಾಪ್ಟನ್. ಮೊದಲನೆಯವರನ್ನು ಚಾಲಕ, ಎರಡನೆಯವರನ್ನು ಬೋಧಕ ಅಂತ ಕರೆಯುತ್ತೇನೆ.

10:56:27: ನೆಲದಿಂದ 721 ಅಡಿ ಎತ್ತರದಲ್ಲಿ ಚಾಲಕ ಆಟೋಪೈಲಟ್ ಬಿಡಿಸುತ್ತಾರೆ. ಫ್ಲಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಕೆಳಕ್ಕೆ ಬಾಗಿಸುವ ಹಲಗೆ) ಆಗಲೇ 15 ಡಿಗ್ರಿಯಲ್ಲಿದೆ.

10:56:32: ಚಾಲಕ "ಫ್ಲಾಪ್ 30" ಕೇಳುತ್ತಾರೆ. ಬೋಧಕ ಆಯಿತೆಂದು ಉತ್ತರಿಸುತ್ತಾರೆ. ಆದರೆ ಡೇಟಾ ರೆಕಾರ್ಡರಿನಲ್ಲಿ ಫ್ಲಾಪ್ ಚಲನೆ ದಾಖಲಾಗಿಲ್ಲ. ಅದರ ಬದಲು ಎರಡೂ ಎಂಜಿನ್ನಿನ ಎನ್‌ಪಿ ಒಂದೇ ಸಲಕ್ಕೆ 25% ಕೆಳಗಿಳಿಯುತ್ತದೆ, ಟಾರ್ಕ್ ಸೊನ್ನೆಯತ್ತ ಜಾರುತ್ತದೆ.

10:56:36: ಮಾಸ್ಟರ್ ಕಾಷನ್ನಿನ ಒಂದೇ ಒಂದು ಸದ್ದು. ಅದರ ನಂತರ ಇಳಿಯುವ ಮುಂಚಿನ ಚೆಕ್‌ಲಿಸ್ಟ್ ನಡೆಯುತ್ತದೆ, ಎಡಕ್ಕೆ ತಿರುವು ಶುರುವಾಗುತ್ತದೆ.

10:56:50: 500 ಅಡಿಯ ಸ್ವಯಂಚಾಲಿತ ಕರೆ. ಈ ಹೊತ್ತಿಗೆ ವಿಮಾನ 30 ಡಿಗ್ರಿ ವಾಲಿದೆ. ತಿರುವು ಮುಂದುವರಿಸಲೇ ಎಂದು ಚಾಲಕ ಕೇಳುತ್ತಾರೆ, ಬೋಧಕ ಹೂಂ ಅನ್ನುತ್ತಾರೆ. ಇನ್ನೂ ಇಳಿಯಲೇ ಎಂದು ಕೇಳಿದಾಗ ಬೇಡ, ಸ್ವಲ್ಪ ಪವರ್ ಕೊಡಿ ಅನ್ನುತ್ತಾರೆ.

10:56:54: ಒಂದು ಕ್ಲಿಕ್ ಸದ್ದು. ಫ್ಲಾಪ್ 30ಕ್ಕೆ ಚಲಿಸುವುದು ಈಗ.

10:57:07: ಇಳಿಯಲು ಟವರಿನ ಅನುಮತಿ. ಅದೇ ಹೊತ್ತಿಗೆ ಎಂಜಿನ್ನಿನಿಂದ ಪವರ್ ಬರುತ್ತಿಲ್ಲ ಎಂದು ಚಾಲಕ ಎರಡು ಸಲ ಹೇಳುತ್ತಾರೆ.

10:57:11: ಪವರ್ ಲಿವರ್ ಮೊದಲು 62 ಡಿಗ್ರಿಗೆ, ಆಮೇಲೆ ಕೊನೆಯವರೆಗೆ. 368 ಅಡಿಯಲ್ಲಿ ಎನ್‌ಎಚ್ 73ರಿಂದ 77%.

10:57:18: ವಿಮಾನದ ಹಿಡಿತ ಬೋಧಕರ ಕೈಗೆ. ಎರಡು ಸೆಕೆಂಡಿಗೆ, ಹಿಡಿತ ಬಿಟ್ಟುಕೊಟ್ಟ ಚಾಲಕ ಮತ್ತೆ ಪವರ್ ಇಲ್ಲ ಅನ್ನುತ್ತಾರೆ.

10:57:24: 311 ಅಡಿಯಲ್ಲಿ ಸ್ಟಿಕ್ ಶೇಕರ್ (ರೆಕ್ಕೆ ಹಿಡಿತ ತಪ್ಪಲಿದೆ ಎಂದು ಪೈಲಟ್ ಹಿಡಿಕೆ ನಡುಗಿಸುವ ಎಚ್ಚರಿಕೆ). ಎರಡು ಸೆಕೆಂಡಿನಲ್ಲಿ ಮತ್ತೊಮ್ಮೆ, ಆಗ ವಿಮಾನ ತಟ್ಟನೆ ಎಡಕ್ಕೆ ವಾಲುತ್ತದೆ.

10:57:32: ಅಪ್ಪಳಿಸಿದ ಸದ್ದು.

ಗಮನಿಸಬೇಕಾದ್ದು 10:56:32 ಮತ್ತು 10:56:54ರ ನಡುವಿನ 22 ಸೆಕೆಂಡು. ಕೇಳಿದ ಫ್ಲಾಪ್ ಬಂದದ್ದು 22 ಸೆಕೆಂಡಿನ ಮೇಲೆ. ಕೇಳಿದ ಕ್ಷಣದಲ್ಲಿ ನಡೆದದ್ದು ಫೆದರ್. ಎರಡು ಎಂಜಿನ್ ಬೇರೆ ಬೇರೆ ದೋಷದಿಂದ ಒಂದೇ ಕ್ಷಣಕ್ಕೆ, ಅದೂ ಫ್ಲಾಪ್ ಕೇಳಿದ ಕ್ಷಣಕ್ಕೇ ಸರಿಯಾಗಿ ಕೈಕೊಡುವುದು ನಡೆಯುವ ಮಾತಲ್ಲ. ಒಂದು ಕೈ ಎರಡು ಲಿವರನ್ನು ಒಟ್ಟಿಗೆ ಹಿಡಿದರೆ ಮಾತ್ರ ದಾಖಲೆ ಹೀಗೆ ಕಾಣುತ್ತದೆ.

ಗಂಗಾವತಿ_ಬಸು

ಎರಡೂ ಲಿವರ್ ಅಷ್ಟು ಹತ್ತಿರ ಇರ್ತಾವೇನ್ರಿ? ಮತ್ತ 10:56:36ಕ್ಕ ಸದ್ದು ಬಂತಲ್ಲ, ಅದು ಏನಂತ ಹೇಳ್ತದ?

ಸಿಂಧನೂರು_ಸುಮಾ

ಬಸಣ್ಣ, ಇಬ್ಬರು ಪೈಲಟ್‌ಗಳ ನಡುವಿನ ಪೆಡೆಸ್ಟಲ್ ಮೇಲೆ ಎಡದಿಂದ ಬಲಕ್ಕೆ ಹೀಗೆ: ಎರಡು ಪವರ್ ಲಿವರ್, ಅದರ ಪಕ್ಕ ಎರಡು ಕಂಡೀಷನ್ ಲಿವರ್ (ಪ್ರೊಪೆಲ್ಲರಿನ ಸ್ಥಿತಿ ಮತ್ತು ಇಂಧನ ನಿಯಂತ್ರಿಸುವವು), ಅದರ ಬಲಕ್ಕೆ ಫ್ಲಾಪ್ ಲಿವರ್. ಬಲ ಸೀಟಿನವರು ಎಡಗೈ ಚಾಚಿದರೆ ಮೊದಲು ಸಿಗುವುದು ಫ್ಲಾಪ್, ಅದನ್ನು ದಾಟಿದರೆ ಕಂಡೀಷನ್ ಲಿವರ್. ಫ್ಲಾಪ್ ಲಿವರಿನಲ್ಲಿ 0, 15, 30 ಸ್ಥಾನಗಳಿವೆ, ಹಿಂದಕ್ಕೆ ಎಳೆದಷ್ಟೂ ಫ್ಲಾಪ್ ಹೆಚ್ಚು. ಕಂಡೀಷನ್ ಲಿವರಿನಲ್ಲಿ ಮುಂದಿನಿಂದ ಹಿಂದಕ್ಕೆ 100% ಓವರ್‌ರೈಡ್, ಆಟೋ, ಫೆದರ್, ಫ್ಯೂಯೆಲ್ ಶಟಾಫ್. ಹಾರಾಟದಲ್ಲಿ ಅದು ಆಟೋದಲ್ಲಿರಬೇಕು. ಅಲ್ಲಿಂದ ಒಂದು ಸ್ಥಾನ ಹಿಂದಕ್ಕೆ ಬಂದರೆ ಫೆದರ್. ಎರಡಕ್ಕೂ ಕೈಯ ಚಲನೆ ಒಂದೇ: ಹಿಂದಕ್ಕೆ, ಒಂದು ಮೆಟ್ಟಿಲು. ಹಿಡಿಕೆಯ ಆಕಾರ ಬೇರೆ, ನಿಜ. ಆದರೆ ಕಣ್ಣು ಹೊರಗೆ ರನ್‌ವೇ ಹುಡುಕುತ್ತಿರುವಾಗ ಕೈ ಅಭ್ಯಾಸದ ಮೇಲೆ ಹೋಗುತ್ತದೆ. ಬಾಯಿ "ಫ್ಲಾಪ್ 30" ಅಂದಾಗಿದೆ, ಕೈ ಏನೋ ಒಂದನ್ನು ಎಳೆದಾಗಿದೆ, ಕೆಲಸ ಆಯಿತೆಂದು ಮನಸ್ಸು ಮುಂದೆ ಹೋಗಿರುತ್ತದೆ.

ಸದ್ದಿನ ವಿಷಯ. ಮಾಸ್ಟರ್ ಕಾಷನ್ ಅಂದರೆ ಎಚ್ಚರಿಕೆ ಫಲಕ ನೋಡಿ ಎಂಬ ಸೂಚನೆ, ಅಷ್ಟೇ. ಇಂಥದ್ದೇ ಆಗಿದೆ ಅಂತ ಅದು ಬಾಯಿಬಿಟ್ಟು ಹೇಳುವುದಿಲ್ಲ. ಎಟಿಆರಿನಲ್ಲಿ ಎಸಿಡಬ್ಲ್ಯು (ಎಸಿ ಕರೆಂಟು ಕೊಡುವ) ಜನರೇಟರುಗಳು ಪ್ರೊಪೆಲ್ಲರ್ ಗೇರ್‌ಬಾಕ್ಸಿನಿಂದ ತಿರುಗುತ್ತವೆ. ಎನ್‌ಪಿ ಒಂದು ಮಟ್ಟಕ್ಕಿಂತ ಕೆಳಗೆ ಬಿದ್ದರೆ ಅವು ಲೈನಿನಿಂದ ಹೊರಗೆ. ಅಂದರೆ ಫೆದರ್ ಆದಾಗ ಫಲಕದ ಮೇಲೆ ಮೊದಲು ಕಾಣುವುದು ಕರೆಂಟಿನ ತೊಂದರೆಯ ರೂಪದಲ್ಲಿ. 500 ಅಡಿ ಎತ್ತರದಲ್ಲಿ, ತಿರುವಿನಲ್ಲಿ, ಒಂದು ಜನರೇಟರ್ ದೀಪ ಹತ್ತಿದರೆ ಅದನ್ನು ಇಳಿದ ಮೇಲೆ ನೋಡಿಕೊಳ್ಳೋಣ ಅನ್ನಿಸುವುದು ಸಹಜ.

ಖಚಿತವಾಗಿ ತೋರಿಸುತ್ತಿದ್ದದ್ದು ಮಧ್ಯ ಫಲಕದ ಗೇಜುಗಳು. 72-500ರಲ್ಲಿ ಎಂಜಿನ್ ಗೇಜುಗಳು ಮುಳ್ಳಿನವು, ಎರಡು ಸಾಲಿನಲ್ಲಿರುತ್ತವೆ. ಟಾರ್ಕ್ ಎರಡೂ ಸೊನ್ನೆ, ಎನ್‌ಪಿ ಎರಡೂ ತಳದಲ್ಲಿ, ಎನ್‌ಎಚ್ ಮಾತ್ರ ಎಪ್ಪತ್ತರ ಮೇಲೆ. ಈ ಮೂರನ್ನು ಒಟ್ಟಿಗೆ ಓದಿದರೆ ಫೆದರ್ ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ. ಅಂತಿಮ ವರದಿ ಕೊಡುಗೆ ನೀಡಿದ ಕಾರಣಗಳಲ್ಲಿ ಎಂಜಿನ್ ಸೂಚನೆಗಳನ್ನು ಸಿಬ್ಬಂದಿ ಗಮನಿಸದೇ ಹೋದದ್ದನ್ನು ಸೇರಿಸಿದೆ.

ಶಕ್ತಿನಗರ_ಟರ್ಬೈನ್

ಗೊತ್ತಾಗಿದ್ರ ವಾಪಸ್ ತರಬಹುದಿತ್ತೇನು ಮೇಡಂ?

ಸಂಡೂರು_ಪ್ರಾಪ್‌ಶಾಪ್

ನಾನೇ ಹೇಳ್ತೀನಿ, ಇದು ಪ್ರೊಪೆಲ್ಲರಿನ ವಿಷಯ. ಎಟಿಆರ್ ಸ್ಟಾರ್ಟ್ ಮಾಡುವ ಕ್ರಮ ನೋಡಿ. ಕಂಡೀಷನ್ ಲಿವರನ್ನು ಶಟಾಫಿನಿಂದ ಫೆದರಿಗೆ ತರುತ್ತಾರೆ, ಎಂಜಿನ್ ಹೊತ್ತಿಕೊಳ್ಳುತ್ತದೆ, ಪ್ರೊಪೆಲ್ಲರ್ ಫೆದರಿನಲ್ಲೇ ನಿಧಾನವಾಗಿ ತಿರುಗುತ್ತಿರುತ್ತದೆ. ಆಮೇಲೆ ಲಿವರನ್ನು ಆಟೋಗೆ ತಂದರೆ ಬ್ಲೇಡ್ ತೆರೆದು ವೇಗ ಹಿಡಿಯುತ್ತದೆ. ಕೆಲವೇ ಸೆಕೆಂಡುಗಳ ಕೆಲಸ, ಪ್ರತಿ ಹಾರಾಟಕ್ಕೂ ಮುಂಚೆ ನಡೆಯುವಂಥದ್ದು. ಅವತ್ತು ಎಂಜಿನ್ ಐಡಲಿನಲ್ಲಿ ಓಡುತ್ತಿತ್ತು. ಲಿವರ್ ಹಿಂದಕ್ಕೆ ಬಂದಾಗಿನಿಂದ ಸ್ಟಿಕ್ ಶೇಕರ್ ಬರುವವರೆಗೆ 50 ಸೆಕೆಂಡಿನಷ್ಟು ಸಮಯವಿತ್ತು. ಮೊದಲ ಅರ್ಧದಲ್ಲಿ ಎರಡು ಲಿವರ್ ಒಂದು ಮೆಟ್ಟಿಲು ಮುಂದಕ್ಕೆ ತಳ್ಳಿದ್ದರೆ ಪ್ರೊಪೆಲ್ಲರ್ ಮತ್ತೆ ಗಾಳಿ ತಳ್ಳಲು ಶುರು ಮಾಡುತ್ತಿತ್ತು. 10:57:18ರ ಹೊತ್ತಿಗೆ ಎತ್ತರವೂ ಇಲ್ಲ, ವೇಗವೂ ಇಲ್ಲ.

ಪವರ್ ಇಲ್ಲ ಅನ್ನಿಸಿದಾಗ ಕೈ ಹೋದದ್ದು ಪವರ್ ಲಿವರಿಗೆ. ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತದೆ. ಕಂಡೀಷನ್ ಲಿವರ್ ಇಳಿಯುವ ಹಂತದಲ್ಲಿ ಯಾರೂ ಮುಟ್ಟದ ವಸ್ತು, ಹಾಗಾಗಿ ಅದು ಅನುಮಾನದ ಪಟ್ಟಿಯಲ್ಲೇ ಇರುವುದಿಲ್ಲ.

ಕುಷ್ಟಗಿ_ಮಂಜ

ನೀವು ಎಷ್ಟ ಬಿಡಿಸಿ ಹೇಳಿದ್ರೂ ಕೊನೀಗೆ ಅದು ಕೈ ತಪ್ಪು ಅಲ್ಲೇನ್ರಿ? ಬೋಧಕರು 21 ಸಾವಿರ ಗಂಟೆಗೂ ಮೀರಿ ಹಾರಿಸಿದವರು ಅಂತ ವರದಿನೇ ಹೇಳತೈತಿ. ಮತ್ತ ಅದು ಹಳೇ ಕಿಂಗ್‌ಫಿಷರ್ ವಿಮಾನ ಅಂತನೂ ಕೇಳೀನಿ, ಹಳೇದಾಗಿ ಕೆಟ್ಟಿರಬಾರದೇನು?

ಕೌಲ್‌ಬಜಾರ್_ಟವರ್

ಮಂಜಣ್ಣ, ವಿಮಾನದ ವಿಷಯ ಮೊದಲು. 9ಎನ್-ಎಎನ್‌ಸಿ 2007ರಲ್ಲಿ ಕಿಂಗ್‌ಫಿಷರಿಗೆ ಬಂದದ್ದು ನಿಜ. ಆಮೇಲೆ ಥಾಯ್ಲೆಂಡಿನ ನೋಕ್ ಏರ್‌ಗೆ ಹೋಗಿ, 2019ರಲ್ಲಿ ಯೇತಿಗೆ ಬಂತು. 15 ವರ್ಷ ಈ ಜಾತಿ ವಿಮಾನಕ್ಕೆ ದೊಡ್ಡ ವಯಸ್ಸಲ್ಲ. ರೆಕಾರ್ಡರಿನಲ್ಲಿ ಎಂಜಿನ್ನಿನ ಯಾವ ಅಳತೆಯಲ್ಲೂ ದೋಷ ಕಂಡಿಲ್ಲ. ಹಳೆಯ ಮಾಲೀಕರ ಹೆಸರಿಗೂ ಈ ಸಾವುಗಳಿಗೂ ಸಂಬಂಧವಿಲ್ಲ.

ಕೈ ತಪ್ಪು ಹೌದು. ಅಂತಿಮ ವರದಿಯೂ ಎರಡು ಕಂಡೀಷನ್ ಲಿವರ್ ಅರಿವಿಲ್ಲದೆ ಫೆದರಿಗೆ ಹೋದದ್ದನ್ನೇ ಸಂಭವನೀಯ ಕಾರಣ ಎಂದಿದೆ. ಆದರೆ ಅಲ್ಲಿಗೇ ನಿಲ್ಲಿಸಿದರೆ ಇನ್ನೊಂದು ಕಡೆ ಇದೇ ತಪ್ಪು ಮತ್ತೆ ಆಗುವುದನ್ನು ತಡೆಯಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. 21 ಸಾವಿರ ಗಂಟೆಯ ಅನುಭವಿಯ ಕೈಯೇ ತಪ್ಪಿದೆ ಅಂದರೆ ಇನ್ನಷ್ಟು ಅನುಭವ ಬೇಕಿತ್ತು ಅನ್ನುವ ಉತ್ತರ ಮುಚ್ಚಿಹೋಯಿತು. ಬೇರೆ ಕಡೆ ನೋಡಬೇಕು.

ನೋಡಿ ಸುತ್ತಲಿನ ಪರಿಸ್ಥಿತಿ. ಪೋಖರಾದ ಹೊಸ ನಿಲ್ದಾಣ ತೆರೆದದ್ದು 2023ರ ಜನವರಿ 1ರಂದು, ಅಪಘಾತಕ್ಕೆ ಎರಡು ವಾರ ಮುಂಚೆ. ಅವತ್ತು ಅದೇ ಸಿಬ್ಬಂದಿಗೆ ಅದು ಮೂರನೇ ಹಾರಾಟ. ಮೊದಲು ರನ್‌ವೇ 30 ಕೊಟ್ಟಿದ್ದರು, ಸಿಬ್ಬಂದಿ 12 ಕೇಳಿ ಪಡೆದರು (30, 12 ಅಂದರೆ ಒಂದೇ ರನ್‌ವೇಯ ಎರಡು ತುದಿಗಳು). ಪೂರ್ವದಿಂದ ಬರುವ ವಿಮಾನಕ್ಕೆ 30 ಅಂದರೆ ಹೆಚ್ಚು ಕಡಿಮೆ ನೇರ ದಾರಿ. 12 ಅಂದರೆ ರನ್‌ವೇಯ ಉತ್ತರಕ್ಕೆ ಸಮಾನಾಂತರವಾಗಿ ದಾಟಿ ಹೋಗಿ, ಎಡಕ್ಕೆ ಪೂರ್ತಿ ತಿರುಗಿ ಬರಬೇಕು. ಸುತ್ತ ಗುಡ್ಡ, ಹಾಗಾಗಿ ತಿರುವು ಬಿಗಿ. ಆ ದೃಶ್ಯ ಸುತ್ತುದಾರಿಯನ್ನು ಸರಿಯಾಗಿ ಪರಿಶೀಲಿಸಿ ಖಚಿತಪಡಿಸಿಕೊಳ್ಳದೆ ಬಳಸುತ್ತಿದ್ದರು, ಅದಕ್ಕೆಂದೇ ಸಿಮ್ಯುಲೇಟರ್ ಮತ್ತು ತರಗತಿ ತರಬೇತಿ ಸಾಲದಾಗಿತ್ತು ಅಂತ ವರದಿ ಬರೆದಿದೆ. ಕಾರ್ಯವಿಧಾನ ಪಾಲಿಸದಿರುವುದು, ಇಬ್ಬರ ನಡುವೆ ಕೆಲಸದ ಹೊಂದಾಣಿಕೆ ಸೊರಗಿದ್ದು, ಕಾಕ್‌ಪಿಟ್ ಶಿಸ್ತು ಸಡಿಲವಾಗಿದ್ದು, ಎಲ್ಲವೂ ಪಟ್ಟಿಯಲ್ಲಿವೆ.

ಸ್ಥಿರ ಇಳಿತ ಅನ್ನುವ ನಿಯಮ ಇಲ್ಲಿ ಮುಖ್ಯ. ಕಣ್ಣಳತೆಯಲ್ಲಿ ಇಳಿಯುವಾಗ ಸಾಮಾನ್ಯವಾಗಿ 500 ಅಡಿಗೆ ಬರುವಷ್ಟರಲ್ಲಿ ರೆಕ್ಕೆ ಸಮವಾಗಿರಬೇಕು, ವೇಗ, ಫ್ಲಾಪ್, ಚಕ್ರ, ಪವರ್ ಎಲ್ಲ ಜಾಗಕ್ಕೆ ಬಂದಿರಬೇಕು. ಇಲ್ಲದಿದ್ದರೆ ಎರಡನೇ ಮಾತಿಲ್ಲದೆ ಮತ್ತೆ ಮೇಲೇರಬೇಕು. ಇಲ್ಲಿ 500 ಅಡಿಯ ಕರೆ ಬಂದಾಗ ವಿಮಾನ 30 ಡಿಗ್ರಿ ವಾಲಿತ್ತು, ಫ್ಲಾಪ್ ಜಾಗದಲ್ಲಿರಲಿಲ್ಲ. ಆ ಕ್ಷಣಕ್ಕೇ ಮೇಲೇರುವ ನಿರ್ಧಾರ ಬಂದಿದ್ದರೆ ಪವರ್ ಇಲ್ಲದ ವಿಷಯ 17 ಸೆಕೆಂಡು ಮುಂಚೆ ಗೊತ್ತಾಗುತ್ತಿತ್ತು.

ಸಿಂಧನೂರು_ಸುಮಾ

ವಾಲಿದ ಮಾತಿಗೆ ಒಂದು ಲೆಕ್ಕ ಸೇರಿಸ್ತೀನಿ. ಎತ್ತರ ಕಳೆದುಕೊಳ್ಳದೆ 30 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆಯ ಮೇಲೆ 1.15 ಪಟ್ಟು ಭಾರ, ಸ್ಟಾಲ್ ವೇಗ (ಅದಕ್ಕಿಂತ ಇಳಿದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು) ಸುಮಾರು 7% ಏರುತ್ತದೆ. 45 ಡಿಗ್ರಿಗೆ 1.41 ಪಟ್ಟು, ಸ್ಟಾಲ್ ವೇಗ 19% ಜಾಸ್ತಿ. ಪವರ್ ಇಲ್ಲದೆ ಮೂಗು ಎತ್ತಿ ಹಿಡಿದರೆ ವೇಗ ಇಳಿಯುತ್ತಲೇ ಇರುತ್ತದೆ, ಅದೇ ಹೊತ್ತಿಗೆ ತಿರುವಿನಿಂದ ಸ್ಟಾಲ್ ವೇಗ ಮೇಲೆ ಏರಿ ಎದುರಾಗುತ್ತದೆ.

ಗಂಗಾವತಿ_ಬಸು

ಬ್ರೆಜಿಲ್‌ದಾಗ 2024ರ ಆಗಸ್ಟ್‌ನ್ಯಾಗ ಬಿದ್ದದ್ದೂ 72-500 ಅಲ್ಲೇನ್ರಿ? ಅದೂ ಇದೇ ಲಿವರೇನು?

ಸಂಡೂರು_ಪ್ರಾಪ್‌ಶಾಪ್

ಅಲ್ಲ. ವೊಯೆಪಾಸ್ 2283, ವಿನ್ಯೇಡೊದಲ್ಲಿ, 62 ಸಾವು. ಅದು 17,000 ಅಡಿಯಲ್ಲಿ ಹಾರುವಾಗ ರೆಕ್ಕೆಗೆ ಮಂಜುಗಡ್ಡೆ ಕಟ್ಟುವ ಹವೆಯಲ್ಲಿ ನಡೆದದ್ದು, ಬೇರೆಯೇ ಕಥೆ.

ಹೋಲಿಸಬೇಕಾದ್ದು 2015ರ ಫೆಬ್ರವರಿ 4ರ ತೈಪೆ ಅಪಘಾತ, ಟ್ರಾನ್ಸ್‌ಏಷ್ಯಾ 235. ಎಟಿಆರ್ 72-600, 58 ಜನರಲ್ಲಿ 43 ಮಂದಿ ತೀರಿಕೊಂಡರು. ಅಲ್ಲಿ ಬಲ ಎಂಜಿನ್ನಿನ ಆಟೋ ಫೆದರ್ ಘಟಕದೊಳಗೆ ಸೋಲ್ಡರ್ ಜೋಡಣೆ ಬಿರುಕು ಬಿಟ್ಟು ಸಂಕೇತ ಕಡಿಯುತ್ತಿತ್ತು. ಮೇಲೇರಿದ ಸ್ವಲ್ಪ ಹೊತ್ತಿಗೇ ಆ ಪ್ರೊಪೆಲ್ಲರ್ ತಾನಾಗಿ ಫೆದರಿಗೆ ಹೋಯಿತು. ಚಾಲಕರು ಚೆನ್ನಾಗಿದ್ದ ಎಡ ಎಂಜಿನ್ನಿನ ಪವರ್ ತಗ್ಗಿಸಿ, ಅದನ್ನೇ ಆರಿಸಿದರು. ಪೋಖರಾದಲ್ಲಿ ಕೈ ಮೊದಲು ತಪ್ಪಿತು, ಗೇಜ್ ಓದಲಿಲ್ಲ. ತೈಪೆಯಲ್ಲಿ ಯಂತ್ರ ಮೊದಲು ತಪ್ಪಿತು, ಗೇಜ್ ಓದದೆ ಕೈ ಹೋಯಿತು. ಯಾವ ಎಂಜಿನ್, ಯಾವ ಲಿವರ್ ಅಂತ ಒಬ್ಬರು ಬೆರಳಿಟ್ಟು ಹೇಳಿ, ಇನ್ನೊಬ್ಬರು ನೋಡಿ ಹೌದು ಅಂದ ಮೇಲೆ ಮಾತ್ರ ಎಳೆಯಬೇಕು ಅನ್ನುವ ಕ್ರಮ ಎರಡು ಕಡೆಯೂ ಮುರಿದಿತ್ತು.

ಶಕ್ತಿನಗರ_ಟರ್ಬೈನ್

ರೆಕಾರ್ಡರ್ ಹೊಂದಿಸೋದು ಹ್ಯಾಂಗ ಅಂತ ಯಾರಾದ್ರೂ ಬರೀರಿ. ನಮ್ಮಲ್ಲಿ ಯುನಿಟ್ ಟ್ರಿಪ್ ಆದ್ರ ಯಾವ ರಿಲೇ ಮೊದಲು ಅಂತ ಮಿಲಿಸೆಕೆಂಡಿನಾಗ ಪ್ರಿಂಟ್ ಬರ್ತದ. ವಿಮಾನದಾಗ ಮಾತಿನದೊಂದು ಪೆಟ್ಟಿಗೆ, ಅಳತೆದೊಂದು ಪೆಟ್ಟಿಗೆ. ಎರಡಕ್ಕೂ ಗಡಿಯಾರ ಒಂದೇ ಇರೂದಿಲ್ಲಲ್ಲ?

ಸಿಂಧನೂರು_ಸುಮಾ

ಇರುವುದಿಲ್ಲ. ಅದಕ್ಕೆ ಎರಡರಲ್ಲೂ ಬೀಳುವ ಒಂದೇ ಘಟನೆ ಹುಡುಕುತ್ತಾರೆ. ಪೈಲಟ್ ರೇಡಿಯೊ ಗುಂಡಿ ಒತ್ತಿದಾಗ ಡೇಟಾ ರೆಕಾರ್ಡರಿನಲ್ಲಿ "ಒತ್ತಿದೆ" ಅಂತ ಒಂದು ಗುರುತು ಬೀಳುತ್ತದೆ. ಅದೇ ಕ್ಷಣ ಧ್ವನಿ ರೆಕಾರ್ಡರಿನಲ್ಲಿ ಅವರ ಮಾತು ಶುರುವಾಗುತ್ತದೆ. ಅದೇ ಮಾತು ಟವರಿನ ಟೇಪಿನಲ್ಲಿ ನಿಜವಾದ ಸಮಯದ ಜೊತೆ ಇರುತ್ತದೆ. ಇಂಥ ಹಲವು ಒತ್ತುಗಳನ್ನು ಹೊಂದಿಸಿದರೆ ಮೂರೂ ಒಂದೇ ಗಡಿಯಾರಕ್ಕೆ ಬರುತ್ತವೆ. ಮಾಸ್ಟರ್ ಕಾಷನ್ ಸದ್ದು, ಸ್ಟಿಕ್ ಶೇಕರ್ ಸದ್ದು ಕೂಡ ಇದೇ ಕೆಲಸಕ್ಕೆ ಬರುತ್ತವೆ. ಆದರೂ ಸೆಕೆಂಡಿನ ಭಾಗದಷ್ಟು ವ್ಯತ್ಯಾಸ ಉಳಿಯುತ್ತದೆ, ಯಾಕೆಂದರೆ ಎಷ್ಟೋ ಅಳತೆಗಳನ್ನು ಸೆಕೆಂಡಿಗೆ ಒಮ್ಮೆ ಮಾತ್ರ ಬರೆದುಕೊಳ್ಳುತ್ತದೆ.

ಧ್ವನಿ ಪೆಟ್ಟಿಗೆಗೆ ನಾಲ್ಕು ಚಾನೆಲ್. ಅದರಲ್ಲಿ ಕಾಕ್‌ಪಿಟ್ ಚಾವಣಿಯ ಮೈಕ್ ತನಿಖೆಗೆ ಬಹಳ ಮುಖ್ಯ. ಮಾತಿಗಿಂತ ಹೆಚ್ಚು ಅದು ಕೊಡುವುದು ಸದ್ದು: ಲಿವರ್ ಮೆಟ್ಟಿಲಿಗೆ ಕೂತ ಕ್ಲಿಕ್, ಪ್ರೊಪೆಲ್ಲರಿನ ಗುಂಯ್‌ಗುಡುವಿಕೆ. ಆರು ಬ್ಲೇಡಿನ ಪ್ರೊಪೆಲ್ಲರ್ ನಿಮಿಷಕ್ಕೆ 1,200 ಸುತ್ತಿದರೆ ಸೆಕೆಂಡಿಗೆ 120 ಬ್ಲೇಡ್ ದಾಟುತ್ತವೆ, ಸದ್ದಿನ ಪಟ್ಟಿಯಲ್ಲಿ 120 ಹರ್ಟ್ಸಿನಲ್ಲಿ ಗೆರೆ ಮೂಡುತ್ತದೆ. ಸೆನ್ಸರ್ ಕೈಕೊಟ್ಟರೂ ಆ ಗೆರೆಯಿಂದ ವೇಗ ಲೆಕ್ಕ ಹಾಕಬಹುದು. ಪೋಖರಾದಲ್ಲಿ ಎನ್‌ಪಿ 25% ಕೆಳಗೆ ಬಿದ್ದ ಮೇಲೆ ರೆಕಾರ್ಡರಿನಲ್ಲಿ ಅಂಕಿಯ ಜಾಗದಲ್ಲಿ "ಲೆಕ್ಕ ಸಿಗದ ಡೇಟಾ" ಅಂತ ಬಂದಿದೆ. ಅದನ್ನು ಸೊನ್ನೆ ಅಂತ ಓದಬಾರದು. ಪ್ರೊಪೆಲ್ಲರ್ ನಿಂತೇ ಹೋಯಿತು ಅಂತ ಬರೆದವರು ಅದನ್ನು ಹಾಗೆ ಓದಿರುತ್ತಾರೆ.

ಎರಡೂ ಪೆಟ್ಟಿಗೆ ಮರುದಿನ ಸಿಕ್ಕವು, ಓದಿದ್ದು ಸಿಂಗಪುರದ ಸಾರಿಗೆ ಸುರಕ್ಷತಾ ತನಿಖಾ ಸಂಸ್ಥೆಯ ಪ್ರಯೋಗಾಲಯದಲ್ಲಿ. ವಿಮಾನ ಫ್ರಾನ್ಸಿನದು, ಎಂಜಿನ್ ಕೆನಡಾದ್ದು, ಹಾಗಾಗಿ ಆ ದೇಶಗಳ ತನಿಖಾಧಿಕಾರಿಗಳೂ ಸೇರಿದರು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅನುಬಂಧ 13ರ ಪ್ರಕಾರ ಪ್ರಾಥಮಿಕ ವರದಿ 30 ದಿನಕ್ಕೆ, ಅಂತಿಮ ವರದಿ ಸಾಧ್ಯವಾದರೆ 12 ತಿಂಗಳಿಗೆ. ಪೋಖರಾದ ಅಂತಿಮ ವರದಿ 2023ರ ಡಿಸೆಂಬರಿನಲ್ಲಿ, ಅವಧಿಯೊಳಗೇ ಬಂತು. ಇದು ಮೆಚ್ಚಬೇಕಾದ ಸಂಗತಿ.

ಸಂಡೂರು_ಪ್ರಾಪ್‌ಶಾಪ್

ಪೆಟ್ಟಿಗೆ ಸಿಗದಿದ್ದರೂ ಅವಶೇಷ ಮಾತಾಡುತ್ತದೆ. ಮೊದಲು ಮೂಗು, ಬಾಲ, ಎರಡು ರೆಕ್ಕೆ ತುದಿ ಎಲ್ಲಿವೆ ಅಂತ ಗುರುತಿಸುತ್ತಾರೆ. ನಾಲ್ಕೂ ಒಂದೇ ಜಾಗದಲ್ಲಿದ್ದರೆ ಆಕಾಶದಲ್ಲಿ ಒಡೆದಿಲ್ಲ ಅಂತಾಯಿತು. ಪವರಿನಲ್ಲಿ ತಿರುಗುತ್ತಿದ್ದ ಬ್ಲೇಡ್ ನೆಲಕ್ಕೆ ಬಡಿದರೆ ಎಲ್ಲ ಬ್ಲೇಡೂ ಒಂದೇ ತರಹ ಮುರಿದಿರುತ್ತವೆ, ಗೀರು ಅಗಲದ ಉದ್ದಕ್ಕೆ ಬಿದ್ದಿರುತ್ತದೆ, ನೆಲದಲ್ಲಿ ಸಮಾನ ಅಂತರದ ಕೊಚ್ಚು. ಫೆದರಿನಲ್ಲಿ ನಿಧಾನ ಇದ್ದರೆ ಒಂದೆರಡು ಬ್ಲೇಡ್ ಮಾತ್ರ ಹಿಂದಕ್ಕೆ ಬಾಗಿ, ಉಳಿದವು ಹೆಚ್ಚು ಕಡಿಮೆ ಹಾಗೇ ಉಳಿಯಬಹುದು. ಹಬ್ ಬಿಚ್ಚಿದರೆ ಬ್ಲೇಡ್ ಬುಡ ಯಾವ ಕೋನದಲ್ಲಿ ಬಡಿಯಿತು ಅನ್ನುವ ಒತ್ತುಗುರುತು ಸಿಗುತ್ತದೆ. ಕಾಕ್‌ಪಿಟ್ಟಿನ ಲಿವರ್ ಸ್ಥಾನವನ್ನು ಮಾತ್ರ ಒಂಟಿಯಾಗಿ ನಂಬಬಾರದು, ಏಟಿಗೆ ಅದು ಎತ್ತ ಬೇಕಾದರೂ ಹೋಗಿರುತ್ತದೆ.

ಕುಷ್ಟಗಿ_ಮಂಜ

ನಮ್ಮ ಕಡೆ ರಾಯಚೂರಿಗೆ ಯರಮರಸಿನ ಹತ್ರ ನಿಲ್ದಾಣ ಆಗಕ ಹತ್ತೇತಿ. ಗುಡ್ಡ ಇಲ್ಲ, ಬಯಲು. ಇಲ್ಲಿ ಇಂಥ ಬಿಗಿ ತಿರುವು ಬರೂದಿಲ್ಲಲ್ರಿ?

ಕೌಲ್‌ಬಜಾರ್_ಟವರ್

ಗುಡ್ಡ ಇಲ್ಲದಿದ್ದರೂ ಬಿಸಿಲಿದೆ ಮಂಜಣ್ಣ. ಬಳ್ಳಾರಿ ಸುತ್ತ ನೆಲವೇ ಸುಮಾರು 500 ಮೀಟರ್, ಅಂದರೆ 1,640 ಅಡಿ ಎತ್ತರ. ಆ ಎತ್ತರಕ್ಕೆ ಲೆಕ್ಕದ ಉಷ್ಣತೆ 12 ಡಿಗ್ರಿ. ಏಪ್ರಿಲ್‌ನಲ್ಲಿ 42 ಇದ್ದರೆ 30 ಡಿಗ್ರಿ ಹೆಚ್ಚು. ಡಿಗ್ರಿಗೆ 120 ಅಡಿಯಂತೆ 3,600 ಸೇರಿಸಿದರೆ ಗಾಳಿ 5,240 ಅಡಿ ಎತ್ತರದಲ್ಲಿರುವಷ್ಟು ತೆಳು. ಗೇಜಿನಲ್ಲಿ ಅದೇ ವೇಗ ತೋರಿಸಿದರೂ ನಿಜವಾದ ವೇಗ 8% ಜಾಸ್ತಿ, ತಿರುವಿನ ತ್ರಿಜ್ಯ 17% ಜಾಸ್ತಿ. 30 ಡಿಗ್ರಿ ವಾಲಿ 120 ನಾಟಿನಲ್ಲಿ ತಿರುಗಿದರೆ 670 ಮೀಟರ್ ಆಗುವ ತ್ರಿಜ್ಯ ಇಲ್ಲಿ 790 ಮೀಟರಿನ ಹತ್ತಿರ. ಚಳಿಗಾಲದ ಅಂದಾಜಿನಲ್ಲಿ ತಿರುಗಿದವರು ರನ್‌ವೇ ಗೆರೆ ದಾಟಿ ಹೋಗುತ್ತಾರೆ, ಸರಿಪಡಿಸಲು ಇನ್ನಷ್ಟು ವಾಲಿಸುತ್ತಾರೆ. ಸುಮಾ ಅವರ 45 ಡಿಗ್ರಿ ಲೆಕ್ಕ ಅಲ್ಲಿ ಬೇಕಾಗುತ್ತದೆ. ತೋರಣಗಲ್ಲಿಗಂತೂ ಒಂದು ಕಡೆ ಸಂಡೂರಿನ ಗುಡ್ಡಸಾಲೂ ಇದೆ.

ಹೊಸ ನಿಲ್ದಾಣ ತೆರೆಯುವಾಗ ಕೇಳಬೇಕಾದ್ದು ಟರ್ಮಿನಲ್ ಎಷ್ಟು ಚೆಂದ ಅಂತಲ್ಲ. ಎರಡೂ ತುದಿಯಿಂದ ಇಳಿಯುವ ದಾರಿಯನ್ನು ಹಾರಿಸಿ ಪರೀಕ್ಷಿಸಿದ್ದಾರೆಯೇ, ಅದು ಪುಸ್ತಕದಲ್ಲಿ ಬಂದಿದೆಯೇ, ಸಿಮ್ಯುಲೇಟರಿನಲ್ಲಿ ಸೇರಿದೆಯೇ, ಪ್ರಯಾಣಿಕರಿಲ್ಲದೆ ಪರಿಚಯದ ಹಾರಾಟ ಮಾಡಿಸಿದ್ದಾರೆಯೇ. ಪೋಖರಾದಲ್ಲಿ ಬೋಧನೆ ನಡೆದದ್ದು 68 ಪ್ರಯಾಣಿಕರನ್ನು ಕೂರಿಸಿಕೊಂಡು.

ಗಂಗಾವತಿ_ಬಸು

ಇನ್ನೊಂದ ಪ್ರಶ್ನೆ. ದೇವರು ಹಂಗ ಮಾಡದಿರಲಿ, ನಮ್ಮ ಹೊಲದಾಗ ಬಿದ್ರ ಮೊದಲು ಓಡಿ ಹೋಗೋರು ಊರ ಮಂದಿ. ಅವರು ಏನು ಮಾಡಬೇಕು, ಏನು ಮುಟ್ಟಬಾರದು?

ಸಿಂಧನೂರು_ಸುಮಾ

ಜೀವ ಇರುವವರನ್ನು ಹೊರಗೆ ತರುವುದಕ್ಕೆ ಏನು ಬೇಕಾದರೂ ಕತ್ತರಿಸಬಹುದು, ಸರಿಸಬಹುದು. ಅದಕ್ಕೆ ಯಾರ ಅನುಮತಿಯೂ ಬೇಡ. ಗಾಳಿ ಬೀಸುವ ಕಡೆಯಿಂದ ಹೋಗಿ, ಹೊಗೆಯ ಎದುರಿಗೆ ನಿಲ್ಲಬೇಡಿ. ಎಟಿಆರ್ 72ರ ಹೊರ ರೆಕ್ಕೆ ಕಾರ್ಬನ್ ಫೈಬರ್. ಸುಟ್ಟರೆ ಅದರ ಎಳೆ ಗಾಳಿಯಲ್ಲಿ ತೇಲಿ ಚರ್ಮಕ್ಕೆ, ಶ್ವಾಸಕ್ಕೆ ಹೋಗುತ್ತದೆ. ಮೂಗಿಗೆ ಒದ್ದೆ ಬಟ್ಟೆಯಾದರೂ ಇರಲಿ. ಚಕ್ರದ ಪಕ್ಕಕ್ಕೆ ನಿಲ್ಲಬೇಡಿ, ಬಿಸಿಯಾದ ಟೈರ್ ಅಡ್ಡಕ್ಕೆ ಸಿಡಿಯುತ್ತದೆ. ಆಕ್ಸಿಜನ್ ಸಿಲಿಂಡರ್, ಬ್ಯಾಟರಿ ಹತ್ತಿರ ಬೀಡಿ ಬೆಂಕಿ ಬೇಡ.

ಸರಿಸಲೇಬೇಕಾದದ್ದನ್ನು ಸರಿಸುವ ಮುಂಚೆ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದು ಪೊಲೀಸರಿಗೆ ಕೊಡಿ. ಕಾಕ್‌ಪಿಟ್ಟಿನ ಸ್ವಿಚ್, ಲಿವರ್ ಕೈಯಿಂದ ಸರಿಪಡಿಸಬೇಡಿ. ಯಾವ ತುಂಡನ್ನೂ ನೆನಪಿಗೆ ಅಂತ ಮನೆಗೆ ಒಯ್ಯಬೇಡಿ. ಅಂಗೈ ಅಗಲದ ಸರ್ಕ್ಯೂಟ್ ಬೋರ್ಡಿನ ಒಂದು ಸೋಲ್ಡರ್ ಬಿಂದುವೇ ಕಾರಣ ಹೇಳಬಲ್ಲದು, ತೈಪೆಯಲ್ಲಿ ಆದದ್ದು ಅದೇ. ಕಪ್ಪು ಪೆಟ್ಟಿಗೆ ನಿಜಕ್ಕೂ ಕೇಸರಿ ಬಣ್ಣದ್ದು, ಬಾಲದ ಕಡೆ ಇರುತ್ತದೆ. ಅದನ್ನು ತೆರೆಯಬಾರದು. ಕೆರೆ ಕಾಲುವೆಯೊಳಗೆ ಸಿಕ್ಕರೆ ಒಣಗಿಸಬಾರದು, ಅದೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಟ್ಟು ಕೊಡಬೇಕು. ಗಾಳಿ ತಾಗಿದರೆ ಬೋರ್ಡಿನ ಸಂಪರ್ಕಗಳಿಗೆ ತುಕ್ಕು ಬೇಗ ಹಿಡಿಯುತ್ತದೆ.

ನಮ್ಮ ದೇಶದಲ್ಲಿ ತನಿಖೆ ಮಾಡುವುದು 2012ರಲ್ಲಿ ಆದ ವಿಮಾನ ಅಪಘಾತ ತನಿಖಾ ಬ್ಯೂರೊ. 2010ರ ಮೇ 22ರ ಮಂಗಳೂರು ದುರಂತದ ಹೊತ್ತಿಗೆ ಅದು ಇರಲಿಲ್ಲ, ಆಗ ಸರ್ಕಾರ ವಿಚಾರಣಾ ನ್ಯಾಯಾಲಯ ನೇಮಿಸಿತ್ತು. ದಿಲ್ಲಿಯಿಂದ ಅವರು ತೋರಣಗಲ್ಲಿಗೋ ರಾಯಚೂರಿಗೋ ಬಂದು ಮುಟ್ಟುವವರೆಗೆ ಜಾಗ ಕಾಯುವುದು ಜಿಲ್ಲಾಡಳಿತ ಮತ್ತು ಪೊಲೀಸರ ಕೆಲಸ. ಹೊಲದ ಸುತ್ತ ಹಗ್ಗ ಕಟ್ಟಿ, ಒಳಗೆ ಹೋಗಲು ಒಂದೇ ದಾರಿ ಬಿಟ್ಟು, ಹೋದವರ ಹೆಸರು ಬರೆದಿಡಲು ಒಬ್ಬರನ್ನು ಕೂರಿಸಿದರೆ ತನಿಖೆಯವರ ಎರಡು ದಿನದ ಕೆಲಸ ಉಳಿಯುತ್ತದೆ. ಆ ವಿಮಾನಕ್ಕೆ ಕೊನೆಯ ಸಲ ಇಂಧನ ತುಂಬಿದ ಬೌಸರನ್ನು (ಇಂಧನ ಟ್ಯಾಂಕರನ್ನು) ಬಳಸದೆ ಮುಚ್ಚಿ ಸೀಲ್ ಮಾಡಿ, ಸ್ಯಾಂಪಲ್ ತೆಗೆದಿಡಲು ಆಯಾ ನಿಲ್ದಾಣಕ್ಕೆ ತಕ್ಷಣ ಫೋನ್ ಹೋಗಬೇಕು. ತಡವಾದರೆ ಆ ಬೌಸರ್ ಇನ್ನೊಂದು ವಿಮಾನಕ್ಕೆ ಇಂಧನ ಹಾಕಿ ಖಾಲಿಯಾಗಿರುತ್ತದೆ.